ಉಗುರಿಗೆ ಮೂರು ತೂತು

ಗಂಡನ ಹೆಸರು ಬಾಯಿಬಿಟ್ಟು ಹೇಳಬಾರದು ಎನ್ನುವುದು ನಮ್ಮ ಬೀದಿಯ ಕಟ್ಟುಪಾಡು. ನಾನು ಹೇಳುತ್ತೇನೆ. ದಂಡಪಾಣಿ. ನಾಲ್ಕು ವರ್ಷ ನನ್ನ ಹೊಟ್ಟೆ ಉರಿಸಿದವರ ಹೆಸರನ್ನು ಒಂದು ಸಲವಾದರೂ ಹೇಳದಿದ್ದರೆ ಉಂಡ ಅನ್ನ ಅರಗುವುದಿಲ್ಲ ನನಗೆ. ಒಳ್ಳೆಯವರೇ, ಇಲ್ಲವೆನ್ನುವುದಿಲ್ಲ. ಕುಡಿತವಿಲ್ಲ, ಹೆಂಡತಿಯ ಮೇಲೆ ಕೈ ಎತ್ತಿದವರಲ್ಲ. ಅವರು ನೇಯ್ದ ಸೀರೆಯ ಅಂಚನ್ನು ಉಡುಮಲೈಪೇಟೆ ಸಂತೆಯಲ್ಲಿ ಜನ ಮುಟ್ಟಿ ಮುಟ್ಟಿ ನೋಡುತ್ತಾರೆ. ಆದರೆ ತನಗೆ ಗೊತ್ತು ಎಂದು ಒಂದು ಸಲ ಅಂದುಕೊಂಡರೆ ಮುಗಿಯಿತು, ನಮ್ಮ ಕುಲದೇವತೆ ಚೌಡಮ್ಮನೇ ಇಳಿದು ಬಂದು ಹೇಳಿದರೂ ಕೇಳುವ ಆಸಾಮಿಯಲ್ಲ.

ನಾನು ರಾಮಾಯಿ. ಉಡುಮಲೈಪೇಟೆಯಿಂದ ಎರಡು ಹರದಾರಿ ದೂರದ ನೇಕಾರರ ಬೀದಿ ನಮ್ಮದು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಬೀದಿಗೆ ಮೂವತ್ತೆರಡು ಮಗ್ಗ. ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳ ಒಂದು ಹಾಸು ನೇಯ್ದು ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯದರ ಒಂದೊಂದು ಎಳೆಯ ತುದಿಗೆ ಕೂಡಿಸಬೇಕು. ಬೆರಳಿಗೆ ಬೂದಿ ಹಚ್ಚಿಕೊಂಡು, ಎರಡು ತುದಿಗಳನ್ನು ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇಟ್ಟು ಹೊಸೆಯಬೇಕು. ಗಂಟು ಇರಬಾರದು, ಎಳೆ ಬಿಚ್ಚಬಾರದು. ಹಾಗೆ ಎರಡು ಸಾವಿರ ಎಳೆ. ಬೆಳಗ್ಗೆ ಕುಳಿತರೆ ಸಂಜೆಗೆ ಮುಗಿಸಿ ಏಳುತ್ತಿದ್ದವಳು ಬೀದಿಯಲ್ಲಿ ನಾನೊಬ್ಬಳೇ. ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೇ ಹೇಳುತ್ತಿದ್ದೇನೆ ಅನ್ನಿ, ಏನೀಗ?

ಅಂಥ ನನ್ನ ಬಲಗೈ ಹೆಬ್ಬೆರಳಿನ ಉಗುರಿನ ಅಡಿಯಲ್ಲಿ, ಬುಡದ ಹತ್ತಿರ, ಒಂದು ನೀಲಿ ಚುಕ್ಕೆ ಕಾಣಿಸಿತು. ರಾಗಿಕಾಳಿನಷ್ಟು. ನೋಡಲು ಏನೂ ಇಲ್ಲ. ಆದರೆ ಸೆರಗಿನ ಅಂಚು ತಾಕಿದರೆ ಸಾಕು, ಹೆಬ್ಬೆರಳಿನಿಂದ ಹೆಗಲವರೆಗೆ ಒಂದೇ ಏಟಿಗೆ ನೋವು ಹತ್ತಿ ಬರುತ್ತಿತ್ತು. ತಣ್ಣೀರು ಮುಟ್ಟಿದರಂತೂ ಕೇಳಬೇಡಿ. ಕೊಡ ಕೈಬಿಟ್ಟು ಹೋಗುತ್ತಿತ್ತು, ಬಾಯಿಂದ ಕೂಗು ಬರುತ್ತಿತ್ತು. ಮಾರ್ಗಳಿ ತಿಂಗಳಲ್ಲಿ ಪಾಲಘಾಟಿನ ಕಡೆಗೆ ಚಳಿಗಾಳಿ ಬೀಸುವಾಗ ಕೈಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂರುತ್ತಿದ್ದೆ.

"ಹಲಗೆ ಬಡಿದ ರಕ್ತ," ಎಂದರು ನಮ್ಮವರು. ನೋಡಿದ್ದು ಒಂದು ಕ್ಷಣವೂ ಇಲ್ಲ.

ಅವರನ್ನು ಬೈದು ಪ್ರಯೋಜನವಿಲ್ಲ, ನೇಕಾರರ ಬೀದಿಯಲ್ಲಿ ಯಾರಾದರೂ ಹಾಗೇ ಹೇಳುತ್ತಾರೆ. ಮಗ್ಗದ ಹಲಗೆ ಹಿಂದೆ ಮುಂದೆ ಆಡುವಾಗ ನಡುವೆ ಬೆರಳು ಸಿಕ್ಕಿದರೆ ಉಗುರು ಕಪ್ಪಾಗುತ್ತದೆ, ಅಡಿಯಲ್ಲಿ ರಕ್ತ ಕಟ್ಟುತ್ತದೆ. ಹಾಗೆ ಉಗುರು ಕಪ್ಪಾಗದ ಒಂದು ಕೈ ನಮ್ಮ ಬೀದಿಯಲ್ಲಿಲ್ಲ. ಆದರೆ ನನಗೆ ಹಲಗೆ ಬಡಿದಿರಲಿಲ್ಲ. ಬಡಿದಿಲ್ಲ, ಬಡಿದಿಲ್ಲ ಎಂದು ಎಷ್ಟು ಸಲ ಹೇಳಿದೆನೋ!

"ಬಡ್ದಿರ್ತದೆ, ನಿಂಗೆ ತೆರಿಯಲಿಲ್ಲ ಅಷ್ಟೇ," ಎಂದರು.

ನನ್ನ ಬೆರಳಿಗೆ ಏಟು ಬಿದ್ದದ್ದು ನನಗೆ ಗೊತ್ತಾಗಲಿಲ್ಲವಂತೆ, ಅವರಿಗೆ ಗೊತ್ತಾಯಿತಂತೆ. ಇದಕ್ಕೆ ಏನು ಹೇಳುತ್ತೀರಿ?

ಮೊದಲ ಮೂರು ವರ್ಷ ಸೊಪ್ಪು ಅರೆದು ಕಟ್ಟಿದ್ದಾಯಿತು, ಬೇವಿನೆಣ್ಣೆ ಹಚ್ಚಿದ್ದಾಯಿತು. ಹಲಗೆ ಬಡಿದ ರಕ್ತ ಇಷ್ಟು ವರ್ಷ ನಿಲ್ಲುತ್ತದೆಯೇ ಎಂದು ಕೇಳಿದರೆ, ನಾನು ಮತ್ತೆ ಮತ್ತೆ ಅಲ್ಲಿಯೇ ಬಡಿಸಿಕೊಳ್ಳುತ್ತಿದ್ದೇನೆ ಎಂದರು. ನನ್ನ ಅತ್ತೆ ಪಳನಿಯಮ್ಮ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು.

"ನಂಗೂ ಬಿದ್ದಿದೆ ಹಲಗೆ ಏಟು, ಒಂದಲ್ಲ ಹತ್ತು. ನಾನೇನು ಹಿಂಗೆ ಕೂಗಿದ್ನಾ? ಎಲ್ಲಾ ನಡಿಪ್ಪು, ಬರೀ ನಾಟ್ಕ. ನೀರು ಸೇದೋ ಹೊತ್ತಿಗೆ ಸರಿಯಾಗಿ ವಲಿ ಬಂದ್ಬಿಡ್ತದೆ ಇವ್ಳಿಗೆ."

ನೀರು ಸೇದುವ ಹೊತ್ತಿಗೇ ನೋವು ಬರುತ್ತಿತ್ತು, ನಿಜ. ನೀರು ತಣ್ಣಗಿರುತ್ತಿತ್ತಲ್ಲ! ಅಷ್ಟು ಹೇಳಿದರೆ, ಬಾಯಿಗೆ ಬಾಯಿ ಕೊಡುತ್ತಾಳೆ ಎಂದು ಇನ್ನೊಂದು ಅಪವಾದ. ನೋವು ತಡೆಯಲಾರದ ದಿನ ಹೆಬ್ಬೆರಳಿನ ಬುಡಕ್ಕೆ ನೂಲನ್ನು ನಾಲ್ಕು ಸುತ್ತು ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದೆ. ಬೆರಳು ಬಿಳಿಚಿಕೊಂಡು ನೋವು ಇಳಿಯುತ್ತಿತ್ತು. ಆ ಬಲದಲ್ಲಿ ಒಂದಷ್ಟು ಎಳೆ ಕೂಡಿಸಿ, ನೂಲು ಬಿಚ್ಚಿ, ಮತ್ತೆ ಸುತ್ತಿ ಕೂಡಿಸುತ್ತಿದ್ದೆ. ಅದನ್ನು ಕಂಡು ಅತ್ತೆ ಇದೂ ಒಂದು ಶೋಕಿ ಎಂದರು.

ನಾಲ್ಕನೆಯ ವರ್ಷ ಪುರಟ್ಟಾಸಿ ತಿಂಗಳಲ್ಲಿ ನಮ್ಮವರು ಸೂಜಿ ಎತ್ತಿಕೊಂಡರು. ಇದರಲ್ಲಿ ಅವರದು ಎತ್ತಿದ ಕೈ. ಬೀದಿಯಲ್ಲಿ ಯಾರ ಉಗುರು ಕಪ್ಪಾದರೂ ದಂಡಪಾಣಿಯ ಹತ್ತಿರ ಬರುತ್ತಾರೆ. ದೀಪದಲ್ಲಿ ಸೂಜಿಯ ತುದಿಯನ್ನು ಕೆಂಪಗೆ ಕಾಯಿಸಿ, ಕಪ್ಪಾದ ಕಡೆ ಉಗುರಿನ ಮೇಲೆ ಇಟ್ಟರೆ ಚುರ್ರೆಂದು ತೂತು ಬೀಳುತ್ತದೆ. ಕಪ್ಪು ರಕ್ತ ಚಿಮ್ಮಿ ಹೊರಗೆ ಬರುತ್ತದೆ. ಬಂದವನು ಉಸಿರು ಬಿಟ್ಟು ನಗುತ್ತಾನೆ. ನಾನೇ ಎಷ್ಟೋ ಜನರ ಕೈ ಹಿಡಿದುಕೊಂಡಿದ್ದೇನೆ.

ನನ್ನ ಕೈಯನ್ನು ಅತ್ತೆ ಹಿಡಿದರು. ನೀಲಿಯ ನಟ್ಟನಡುವೆ ಸೂಜಿ ಇಳಿಯಿತು. ಅಮ್ಮಾ! ನಾನು ಕೂಗಿದ ಕೂಗಿಗೆ ಎದುರು ಮನೆಯ ಮಗ್ಗ ನಿಂತುಹೋಯಿತಂತೆ. ಬಂದದ್ದು ಕಪ್ಪು ರಕ್ತವಲ್ಲ, ಕೆಂಪಗಿನ ಹೊಸ ರಕ್ತ. ಒರೆಸಿದಷ್ಟೂ ಬಂತು.

"ಬಂದ್ಬಿಡ್ತು ನೋಡು," ಎಂದರು ನಮ್ಮವರು, ಹೆಮ್ಮೆಯಿಂದ.

ನಾಲ್ಕು ದಿನಕ್ಕೆ ನೀಲಿ ಅಲ್ಲೇ ಇತ್ತು. ಪೂರ್ತಿ ಬಂದಿಲ್ಲ, ಇನ್ನೂ ಇದೆ ಎಂದು ಮುಂದಿನ ತಿಂಗಳು ಐಪ್ಪಸಿಯಲ್ಲಿ ಇನ್ನೊಂದು ಸಲ, ಅದರ ಮುಂದಿನ ತಿಂಗಳು ಕಾರ್ತಿಗೈಯಲ್ಲಿ ಮತ್ತೊಂದು ಸಲ ಸೂಜಿ ಇಳಿಸಿದರು. ಪ್ರತಿ ಸಲವೂ ಸರಿಯಾಗಿ ನೀಲಿಯ ನಡುವೆಯೇ. ಗುರಿ ತಪ್ಪುವವರಲ್ಲ ಅವರು. ಮೂರನೆಯ ಸಲ ನಾನು ಎರಡು ದಿನ ಅವರ ಜೊತೆ ಮಾತು ಬಿಟ್ಟೆ. ಅವರು ಬೇಜಾರಿನಿಂದ ಕೂತಿದ್ದರು. ಬೇಜಾರು ನನ್ನ ನೋವಿಗಲ್ಲ, ತಮ್ಮ ಸೂಜಿ ಕೆಲಸ ಮಾಡಲಿಲ್ಲವಲ್ಲ ಎಂದು.

ಕೊನೆಗೆ ಕೊಯಮುತ್ತೂರಿಗೆ ಕರೆದುಕೊಂಡು ಹೋದರು. ಉಡುಮಲೈಪೇಟೆಯಲ್ಲಿ ರೈಲು ಹತ್ತಿ, ಪೊಳ್ಳಾಚಿಯ ಮೇಲೆ. ಅಲ್ಲಿ ವ್ಯಾಸರಾಯ ಎಂಬ ಡಾಕ್ಟರು ಸ್ವಂತ ಆಸ್ಪತ್ರೆ ಇಟ್ಟಿದ್ದಾರೆ, ನಮ್ಮ ಭಾಷೆಯವರೇ, ಮದರಾಸಿನಲ್ಲಿ ಓದಿದವರು ಎಂದು ಯಾರೋ ಹೇಳಿದ್ದರು. ಭಾಷೆ ಒಂದೇ ಆದರೆ ಏನು ಬಂತು? ನನ್ನ ಮುಖವನ್ನೇ ನೋಡದೆ ನಮ್ಮವರ ಜೊತೆ ತಮಿಳಿನಲ್ಲಿ ಮಾತಾಡಿದರು. ಏನು ಕೆಲಸ? ನೇಯ್ಗೆ. ಏಟು ಬಿದ್ದಿತ್ತಾ? ನಾನು ಬಾಯಿ ತೆರೆಯುವುದರೊಳಗೆ ನಮ್ಮವರು "ಹಲಗೆ ಬಡಿದದ್ದು" ಎಂದುಬಿಟ್ಟರು. ಅಷ್ಟೇ. ಕಟ್ಟಿದ ರಕ್ತ ಎಂದು ಚೀಟಿಯಲ್ಲಿ ಬರೆದಾಯಿತು. ಬಿಸಿನೀರಿನ ಕಾವು, ಒಂದು ಮುಲಾಮು, ಹದಿನೈದು ದಿನ ಬಿಟ್ಟು ಬನ್ನಿ.

ಹದಿನೈದು ದಿನ ಕಳೆಯಿತು. ಮಾರ್ಗಳಿಯ ಚಳಿ, ನೋವು ಹೇಳತೀರದು. ಈ ಸಲ ಡಾಕ್ಟರು ಮುಖ ಗಂಟಿಕ್ಕಿಕೊಂಡರು. ಹಳೆಯ ರಕ್ತ ಒಳಗೇ ಕೆಟ್ಟು ಎಲುಬಿಗೆ ಹತ್ತಿರಬೇಕು, ಮೊದಲ ಗೆಣ್ಣಿನವರೆಗೆ ಬೆರಳಿನ ತುದಿ ತೆಗೆದುಬಿಟ್ಟರೆ ನೋವು ಮುಗಿಯುತ್ತದೆ, ಮುಂದಿನ ಬುಧವಾರ ಬನ್ನಿ ಎಂದರು. ನಮ್ಮವರು ನೆಲ ನೋಡುತ್ತಾ "ಶರಿ ಸಾಮಿ" ಎಂದರು.

ಹೆಬ್ಬೆರಳಿನ ತುದಿ ಹೋದರೆ ಎಳೆಯನ್ನು ಯಾವುದರಿಂದ ಹೊಸೆಯಲಿ? ಮೊಣಕೈಯಿಂದಲೇ? ರೈಲಿನಲ್ಲಿ ಪೂರ್ತಿ ದಾರಿ ಜಗಳವಾಡಿದೆ. ಪೊಳ್ಳಾಚಿಯ ಹೆಂಗಸರು ಕುತೂಹಲದಿಂದ ತಿರುಗಿ ತಿರುಗಿ ನೋಡಿದರು.

"ನೀನು ಕೂಗೋದು ಕೇಳಕ್ಕಾಗಲ್ಲ ರಾಮಾಯಿ," ಎಂದರು ನಮ್ಮವರು. "ಬೆರಳು ಹೋದ್ರೆ ಹೋಗ್ಲಿ, ನಾನು ನೋಡ್ಕೊಳ್ತೀನಿ."

ಅವರ ಕಣ್ಣಲ್ಲಿ ನೀರಿತ್ತು. ಅದನ್ನು ಕಂಡು ನನಗೆ ಇನ್ನೂ ಸಿಟ್ಟು ಬಂತು. ಅಳುವ ಬದಲು ನಾಲ್ಕು ವರ್ಷದಲ್ಲಿ ಒಂದು ದಿನ ನನ್ನ ಮಾತು ಕೇಳಿದ್ದರೆ ಆಗುತ್ತಿರಲಿಲ್ಲವೇ?

ಬುಧವಾರಕ್ಕೆ ಇನ್ನು ಎರಡು ದಿನ. ಆ ಸೋಮವಾರ ಬೆಳಗ್ಗೆ ನಾನು ಹಠ ಹಿಡಿದು, ಹೆಬ್ಬೆರಳಿಗೆ ನೂಲು ಸುತ್ತಿಕೊಂಡು, ಜಗುಲಿಯ ಮೇಲೆ ಸುತ್ತಿಟ್ಟಿದ್ದ ಹೊಸ ಹಾಸಿನ ಕೆದರಿದ ತುದಿಗಳನ್ನು ಬಿಡಿಸುತ್ತಾ ಕೂತಿದ್ದೆ. ಇನ್ನೆರಡು ದಿನಕ್ಕೆ ಹೋಗುವ ಬೆರಳು, ಅದಕ್ಕೂ ಕೆಲಸ ಕೊಡಬೇಡವೇ? ಒಳಗೆ ನಮ್ಮವರು ಹಳೆಯ ಹಾಸಿನ ಕೊನೆಯ ಸೀರೆ ನೇಯುತ್ತಿದ್ದರು. ಇದ್ದಕ್ಕಿದ್ದಂತೆ ಮಗ್ಗ ನಿಂತಿತು. ಸೀರೆಯ ಮೇಲೆ ಎಣ್ಣೆಯ ಕಪ್ಪು ಕಾಣುತ್ತಿದೆಯೆಂದು ಅತ್ತೆ ರಂಪ ಎಬ್ಬಿಸಿದ್ದರು. ನೂಲೇ ಕೊಳೆ, ಬಣ್ಣ ಹಾಕಿದವನೇ ಕಳ್ಳ ಎಂದು ಅವರ ಮಾತು.

"ಅಲ್ಲ ಅವ್ವ," ಎಂದರು ನಮ್ಮವರು. "ನೂಲಿಂದಾಗಿದ್ರೆ ನೂಲು ಜತೇಲಿ ಮುಂದಕ್ಕೆ ಹೋಗ್ಬೇಕಿತ್ತು. ಆ ಕಾವಿ ಗುರುತು ನೋಡು, ಬೆಳಗ್ಗೆ ಹಣಿಗೆ ಹತ್ರ ಇತ್ತು, ಈಗ ನನ್ನ ಹೊಟ್ಟೆ ಹತ್ರ ಬಂದದೆ. ಈ ಕಪ್ಪು ಮಾತ್ರ ಹಣಿಗೆ ಹತ್ರ ಅಲ್ಲೇ ನಿಂತದೆ. ಸುತ್ತಿದಷ್ಟೂ ಅಲ್ಲೇ ಬರ್ತದೆ. ನಿಂತಿದ್ರೆ ಅದು ಅಡೀಲಿರೋ ಮಗ್ಗದ್ದು, ಎಳೆ ಸಂದೀಲಿ ತೋರ್ತದೆ, ಬಟ್ಟೇದಲ್ಲ."

ಹಾಸಿನ ಮೇಲೆ ಒಂದೊಂದು ಸೀರೆಯ ಅಳತೆಗೆ ಒಂದೊಂದು ಕಾವಿಯ ಗುರುತು ಹಾಕಿರುತ್ತೇವೆ. ನೇಯ್ದು ಸುತ್ತಿದಂತೆ ಗುರುತು ಬಾಚಣಿಗೆಯಂಥ ಹಣಿಗೆಯನ್ನು ದಾಟಿ ನೇಯುವವನ ಕಡೆಗೆ ಬರುತ್ತದೆ. ಎಷ್ಟು ನೇಯ್ದಾಯಿತು ಎಂದು ಅದರಿಂದ ಗೊತ್ತಾಗುತ್ತದೆ. ಹುಟ್ಟಿದಾಗಿನಿಂದ ನೋಡಿದ್ದೇ. ನಾನು ಬೂದಿ ಮೆತ್ತಿದ ನನ್ನ ಹೆಬ್ಬೆರಳನ್ನು ನೋಡಿದೆ. ಬೂದಿ ಉಗುರಿನ ತೂತುಗಳಲ್ಲಿ ತುಂಬಿಕೊಂಡು ಬೆಳ್ಳಗೆ ಕಾಣುತ್ತಿತ್ತು. ಮೂರು ತೂತು. ಒಂದು ಉಗುರಿನ ತುದಿಯ ಹತ್ತಿರ, ಒಂದು ನಡುವೆ, ಒಂದು ಇನ್ನೂ ಸ್ವಲ್ಪ ಹಿಂದೆ. ಸಾಲಾಗಿ. ಎಲ್ಲಕ್ಕಿಂತ ಹಿಂದೆ, ಬುಡದಲ್ಲಿ, ಆ ಹಾಳು ನೀಲಿ.

ಓಡಿಹೋಗಿ ಕೈಯನ್ನು ಅವರ ಮುಖದ ಮುಂದೆ ಹಿಡಿದೆ.

"ಏನುಂಗ, ಇದ್ನ ಎಲ್ಲಿ ಚುಚ್ಚಿದ್ರಿ?"

"ಏನೇ ಇದು, ಕೆಲ್ಸದ ನಡುವೆ…"

"ಎಲ್ಲಿ ಚುಚ್ಚಿದ್ರಿ ಹೇಳಿ! ನೀಲಿ ಮೇಲಾ, ಬೇರೆ ಕಡೇನಾ?"

"ನೀಲಿ ಮೇಲೇ ಚುಚ್ಚಿದ್ದು. ನಾನೇನು ಕುರುಡನಾ?"

"ಮೂರು ಸಲಾನೂ?"

"ಮೂರು ಸಲಾನೂ."

"ಹಂಗಾದ್ರೆ ತೂತು ಮೂರೂ ಯಾಕೆ ಮುಂದೆ ಹೋಗ್ಬಿಟ್ವು? ನೀಲಿ ಯಾಕೆ ಹೋಗ್ಲಿಲ್ಲ?"

ಅವರು ನನ್ನ ಕೈಯನ್ನು ಬೆಳಕಿಗೆ ಎಳೆದುಕೊಂಡರು. ಬೀದಿಯ ಎಲ್ಲರ ಉಗುರಿನ ಕಪ್ಪೂ ಉಗುರಿನ ಜೊತೆಗೇ ಬೆಳೆದು ತುದಿಗೆ ಬರುತ್ತದೆ, ಉಗುರು ಕತ್ತರಿಸುವಾಗ ಉದುರಿಹೋಗುತ್ತದೆ. ಅವರಿಗೆ ಗೊತ್ತು, ನನಗೆ ಗೊತ್ತು, ಅತ್ತೆಗೆ ಗೊತ್ತು. ಗೊತ್ತಿದ್ದೂ ನಾಲ್ಕು ವರ್ಷ ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ, ಆ ಕೋಪ ನನ್ನ ಮೇಲೆ ನನಗೆ ಇವತ್ತಿಗೂ ಇದೆ. ನಮ್ಮವರು ಲಾಳಿಯನ್ನು ಕೆಳಗಿಟ್ಟು, ಮಗ್ಗದ ಗುಳಿಯಿಂದ ಮೇಲೆ ಬಂದರು.

"ರಕ್ತ ಅಲ್ಲ ಇದು," ಎಂದರು ಮೆಲ್ಲಗೆ. "ನಿಂತದೆ."

ಬುಧವಾರ ಹೋದೆವು. ಡಾಕ್ಟರ ಮೇಜಿನ ಮೇಲೆ ಕತ್ತಿ ಕತ್ತರಿಗಳೆಲ್ಲ ಕುದಿಸಿ ಸಿದ್ಧವಾಗಿದ್ದವು. ನಮ್ಮವರು ಹೇಳಲು ಬಾಯಿ ತೆರೆದರು. ಬೀದಿಯಲ್ಲೆಲ್ಲ ಹುಲಿ, ಇಲ್ಲಿ ತೊದಲು! ತಮಿಳಿನಲ್ಲಿ "ತೂತು ಸಾಮಿ, ಗುರುತು ಸಾಮಿ" ಎನ್ನುತ್ತಿದ್ದರು. ಡಾಕ್ಟರು ಗಡಿಯಾರ ನೋಡಿದರು. ಹೆದರಬೇಡಿ, ನೋವು ಗೊತ್ತಾಗದ ಹಾಗೆ ಇಂಜೆಕ್ಷನ್ ಕೊಡುತ್ತೇವೆ ಎಂದು ನಮ್ಮವರಿಗೇ ಹೇಳಿದರು. ಬೆರಳು ನನ್ನದು!

ನನಗೆ ತಾಳ್ಮೆ ಹರಿದುಹೋಯಿತು. ಮನೆಯಲ್ಲಿ ಕೂಗುವ ಹಾಗೆಯೇ ಕನ್ನಡದಲ್ಲಿ ಕೂಗಿದೆ.

"ಸಾಮಿ, ನಿಮ್ಮ ಮನೇಲಿ ನಿಮ್ಮವ್ವ ಯಾವ ಮಾತಾಡ್ತಾರೋ ಆ ಮಾತಲ್ಲೇ ಹೇಳ್ತೀನಿ, ಕೇಳಿ. ಬೆರಳು ನಂದು. ಹಲಗೆ ಬಡಿದಿಲ್ಲ. ಇವ್ರು ಮೂರು ತಿಂಗಳಲ್ಲಿ ಮೂರು ಸಲ ನೀಲಿ ಮೇಲೇ ಚುಚ್ಚಿದ್ರು. ತೂತು ಉಗುರು ಜತೆ ನಡೆದು ಹೋಯ್ತು, ನೀಲಿ ನಿಂತದೆ. ಕಟ್ಟಿದ ರಕ್ತ ಆಗಿದ್ರೆ ಅದೂ ಹೋಗ್ಬೇಕಿತ್ತಲ್ಲ? ಕಡಿಯೋದಾದ್ರೆ ಕಡೀರಿ, ಒಂದು ಸಲ ನೋಡಿ ಆಮೇಲೆ ಕಡೀರಿ!"

ಹೊರಗೆ ಕೂತಿದ್ದ ರೋಗಿಗಳೆಲ್ಲ ಬಾಗಿಲ ಹತ್ತಿರ ಬಂದರು. ಡಾಕ್ಟರ ಮುಖ ಕೆಂಪಾಯಿತು. ಹೊರಗೆ ಹಾಕಿಸುತ್ತಾರೆ ಎಂದುಕೊಂಡೆ. ಅವರು ಕುರ್ಚಿ ಎಳೆದುಕೊಂಡು ಕೂತರು, ಭೂತಗನ್ನಡಿ ತೆಗೆದರು, ನನ್ನ ಹೆಬ್ಬೆರಳನ್ನು ಮೊದಲ ಸಲ ಕೈಯಲ್ಲಿ ಹಿಡಿದು ನೋಡಿದರು.

ಆಮೇಲೆ ಒಂದು ಗುಂಡುಸೂಜಿ ತೆಗೆದುಕೊಂಡು ಅದರ ಗುಂಡನೆಯ ತಲೆಯಿಂದ ಉಗುರನ್ನು ಅಲ್ಲಲ್ಲಿ ಒತ್ತುತ್ತಾ ಬಂದರು. ಇಲ್ಲಿ? ಇಲ್ಲ. ಇಲ್ಲಿ? ಇಲ್ಲ. ನೀಲಿಯ ಮೇಲೆ ತಾಗಿದ್ದೇ ತಡ, ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಕೂದಲೆಳೆಯಷ್ಟು ಪಕ್ಕಕ್ಕೆ ಒತ್ತಿದರೆ ಏನೂ ಇಲ್ಲ.

"ತಣ್ಣೀರು ತಾಕಿದ್ರೆ?" ಎಂದು ಕನ್ನಡದಲ್ಲಿ ಕೇಳಿದರು. ಸದ್ಯ, ಕನ್ನಡ ಬಂತು.

"ಪ್ರಾಣ ಹೋಗ್ತದೆ ಸಾಮಿ. ನೂಲು ಬಿಗಿಯಾಗಿ ಸುತ್ತಿದ್ರೆ ಇಳೀತದೆ."

"ಇದನ್ನ ಮೊದಲೇ ಯಾಕಮ್ಮ ಹೇಳಲಿಲ್ಲ?"

ನಾನು ಹಲ್ಲು ಕಚ್ಚಿಕೊಂಡೆ. ನೀವು ಕೇಳಿದ್ದರಲ್ಲವೇ ಹೇಳುವುದು! ಡಾಕ್ಟರು ಒಳಗೆ ಹೋಗಿ ದಪ್ಪ ದಪ್ಪ ಪುಸ್ತಕಗಳನ್ನು ತಂದು ಹಾಳೆ ತಿರುವಿದರು. ನಾವು ಒಂದು ಗಂಟೆ ಬೆಂಚಿನ ಮೇಲೆ ಕೂತೆವು. ಕೊನೆಗೆ ಬಂದು ಹೇಳಿದರು. ಇದು ಕಟ್ಟಿದ ರಕ್ತವಲ್ಲ, ರಕ್ತನಾಳದಲ್ಲೇ ಬೆಳೆಯುವ ಸಣ್ಣ ಗಂಟು. ಹತ್ತು ಹನ್ನೆರಡು ವರ್ಷದ ಹಿಂದೆ ಫ್ರಾನ್ಸ್ ದೇಶದ ಒಬ್ಬ ಡಾಕ್ಟರು ಇದನ್ನು ವಿವರಿಸಿ ಬರೆದಿದ್ದಾನಂತೆ. ಬಹಳ ಅಪರೂಪವಂತೆ, ಇವರು ಇದುವರೆಗೆ ಒಂದನ್ನೂ ಕಂಡಿಲ್ಲವಂತೆ. ಬೆರಳು ಕಡಿಯಬೇಕಾಗಿಲ್ಲ, ಉಗುರು ಎತ್ತಿ ಗಂಟನ್ನು ಮಾತ್ರ ತೆಗೆದರೆ ಸಾಕು. ತಪ್ಪಾಯಿತು ಎಂದು ಮಾತ್ರ ಹೇಳಲಿಲ್ಲ. ಅಪರೂಪ, ಅಪರೂಪ ಎಂದು ಮೂರು ಸಲ ಹೇಳಿದರು.

ಅವತ್ತೇ ತೆಗೆದರು. ಬೆರಳು ಮರಗಟ್ಟಿತ್ತು, ಏನೂ ಗೊತ್ತಾಗಲಿಲ್ಲ. ಗಾಜಿನ ಬಟ್ಟಲಲ್ಲಿ ಹಾಕಿ ನಮ್ಮವರಿಗೆ ತೋರಿಸಿದರು. ನಸುಗೆಂಪಿನ ಒಂದು ಕಾಳು, ನೀಲಿಯೂ ಅಲ್ಲ.

"ಇಷ್ಟೇನಾ?" ಎಂದರು ನಮ್ಮವರು.

ಇಷ್ಟೇ. ಅದು ಬಟ್ಟಲಲ್ಲಿ ಕಂಡ ಮೇಲೆ ಎಲ್ಲರೂ ನಂಬಿದರು. ಅತ್ತೆಯೂ ನಂಬಿದರು. "ಪಾವಂ, ಎಷ್ಟು ವಲಿ ತಿಂದ್ಲೋ" ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು, ಮೊದಲಿನಿಂದಲೂ ನನ್ನ ಕಡೆಗೇ ಇದ್ದವರ ಹಾಗೆ. ನನ್ನ ಕೂಗನ್ನು ನಾಲ್ಕು ವರ್ಷ ನಂಬದವರು ಒಂದು ಕಾಳನ್ನು ಒಂದೇ ದಿನದಲ್ಲಿ ನಂಬಿದರು. ಖುಷಿಪಡಲೋ, ತಲೆ ಚಚ್ಚಿಕೊಳ್ಳಲೋ ತಿಳಿಯಲಿಲ್ಲ.

ಹೊಸ ಉಗುರು ಬರಲು ಆರು ತಿಂಗಳಾಯಿತು. ತೂತಿಲ್ಲ, ನೀಲಿಯಿಲ್ಲ. ಈಗ ಮತ್ತೆ ಬೆಳಗ್ಗೆ ಕುಳಿತು ಸಂಜೆಗೆ ಹಾಸು ಕೂಡಿಸಿ ಏಳುತ್ತೇನೆ. ನಮ್ಮವರು ಮಾತ್ರ ಸೂಜಿಯನ್ನು ಮಗ್ಗದ ಮೇಲಿನ ಮಾಡಿನ ತೊಲೆಗೆ ಸಿಕ್ಕಿಸಿಟ್ಟವರು ಆಮೇಲೆ ಮುಟ್ಟಲೇ ಇಲ್ಲ.

ಹೋದ ವಾರ ಪಕ್ಕದ ಮನೆಯ ಲಿಂಗಸಾಮಿ ಓಡಿ ಬಂದ. ಅವನ ಹೆಬ್ಬೆರಳ ಉಗುರು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು.

"ಮಾವ, ಸೂಜಿ ಹಾಕು ಮಾವ! ಬೆಳಗ್ಗೆ ಹಲಗೆ ಬಡೀತು. ತಡೆಯಕ್ಕಾಗಲ್ಲ."

ನಮ್ಮವರು ಅವನ ಉಗುರನ್ನು ನೋಡಿದರು, ನನ್ನ ಮುಖ ನೋಡಿದರು, ಕೈ ಹಿಂದಕ್ಕೆ ಎಳೆದುಕೊಂಡರು. "ಗೊತ್ತಿಲ್ಲಪ್ಪ," ಎಂದರು. "ಒಂದು ತಿಂಗಳು ಬಿಟ್ಟು ಬಾ. ಮುಂದಕ್ಕೆ ಹೋಗ್ತದಾ ಇಲ್ವಾ ನೋಡೋಣ."

"ಒಂದು ತಿಂಗಳಾ? ಏನ್ ಮಾವ, ತಮಾಷೆನಾ?"

ನನಗೆ ರೇಗಿಹೋಯಿತು. ಆಗ ಮೂರು ಸಲ ಚುಚ್ಚಿದವರು, ಈಗ ಒಂದು ಸಲಕ್ಕೂ ಗತಿಯಿಲ್ಲ! ಬೂದಿಯ ಕೈಯಲ್ಲೇ ಎದ್ದು ಬಂದು ಲಿಂಗಸಾಮಿಯ ಬೆರಳು ಹಿಡಿದುಕೊಂಡೆ.

"ಹಲಗೆ ಬಡಿದದ್ದು ನಿಂಗೆ ತೆರಿಯುತ್ತಾ?"

"ತೆರೀದೆ ಏನಕ್ಕ? ನಕ್ಷತ್ರ ಕಂಡ್ಬಿಡ್ತು."

"ಒಂದೇ ಕಡೆ ನೋಯ್ತದಾ, ಪೂರ್ತಿನಾ?"

"ಪೂರ್ತಿ."

"ತಣ್ಣೀರು ತಾಕಿದ್ರೆ?"

"ತಣ್ಣೀರಲ್ಲಿ ಇಟ್ರೆ ಹಾಯಾಗಿರ್ತದೆ ಅಕ್ಕ."

"ಚುಚ್ಚಿ," ಎಂದೆ ನಮ್ಮವರಿಗೆ. "ಇದು ರಕ್ತ."

ಚುಚ್ಚಿದರು. ಕಪ್ಪು ರಕ್ತ ಚಿಮ್ಮಿತು. ಲಿಂಗಸಾಮಿ ಉಸಿರು ಬಿಟ್ಟು ನಕ್ಕು, ಕೈ ಕೊಡವಿಕೊಂಡು ಮನೆಗೆ ಹೋದ. ಅವನು ಹೋದ ಮೇಲೆ ನಾನು ಹಿತ್ತಲಿಗೆ ಹೋಗಿ, ಬಾವಿಯಿಂದ ಆಗ ತಾನೇ ಸೇದಿಟ್ಟ ಕೊಡದ ನೀರಿನೊಳಗೆ ಕೈಯನ್ನು ಮೊಣಕೈವರೆಗೆ ಇಳಿಸಿ ನಿಂತುಬಿಟ್ಟೆ. ಕಣ್ಣಿಂದ ನೀರು ಸುರಿಯಿತು. ಅತ್ತೆ ಗಾಬರಿಯಾಗಿ ಬಂದು, ಮತ್ತೆ ನೋವು ಬಂತೇ ಎಂದು ಕೇಳಿದರು.

ನೋವಿಲ್ಲ. ನೋವು ಒಂದಿಷ್ಟೂ ಇಲ್ಲ. ಲಿಂಗಸಾಮಿಯನ್ನು ನಾನು ಕೇಳಿದ್ದು ಮೂರೇ ಮಾತು. ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತೂ ಹಿಡಿಯಲಿಲ್ಲ. ನನ್ನನ್ನು ಆ ಮೂರು ಮಾತು ಕೇಳಲು ಇವರಿಗೆಲ್ಲ ನಾಲ್ಕು ವರ್ಷ ಪುರುಸೊತ್ತಾಗಲಿಲ್ಲ.